ಆಲ್ಕಟ್ರಾಜ್ ದೋಣಿಯ ತಕರಾರು

ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಆಲ್ಕಟ್ರಾಜ್ ಜೈಲು ಸಿನಿಮಾ ನೋಡಿದವರಿಗೆ ಗೊತ್ತಿರುತ್ತೆ. ಆ ದ್ವೀಪಕ್ಕೆ ಪ್ರವಾಸಿಗರನ್ನು ಸಾಗಿಸೋ ಗುತ್ತಿಗೆ 2005ರಲ್ಲಿ ಬ್ಲೂ ಅಂಡ್ ಗೋಲ್ಡ್ ಕಂಪನಿಯ ಕೈತಪ್ಪಿ ಹಾರ್ನ್‌ಬ್ಲೋವರ್ ಪಾಲಾಯಿತು. ಸೋತವರು ಕೋರ್ಟಿಗೆ ಹೋದರು. ಕಾಯ್ದೆ ಪ್ರಕಾರ ನೌಕರರಿಗೆ ಕೊಡಬೇಕಾದ ಕೂಲಿಯನ್ನು ಗೆದ್ದವರು ಲೆಕ್ಕಕ್ಕೇ ಹಿಡಿದಿಲ್ಲ ಅಂತ ಅವರ ವಾದ. 2007ರಲ್ಲಿ ಫೆಡರಲ್ ಸರ್ಕ್ಯೂಟ್ ಕೋರ್ಟ್ ಹೇಳಿದ್ದು ಇಷ್ಟು: ಟೆಂಡರ್ ಕಾಗದದಲ್ಲಿ ಆ ಕಾಯ್ದೆ ಸುದ್ದಿಯೇ ಇಲ್ಲ ಅನ್ನೋದು ನಿಮಗೆ ಕಾಣುತ್ತಿತ್ತು, ಬಿಡ್ ಗಡುವಿಗೆ ಮೊದಲೇ ಕೇಳಬೇಕಿತ್ತು.

ಮಜಾ ನೋಡಿ, ಕೋರ್ಟಿಗೆ ಅಧಿಕಾರ ಕೊಟ್ಟ ಕಾಯ್ದೆಯಲ್ಲಿ ಇಂಥ ಗಡುವೇ ಇರಲಿಲ್ಲ! ಜಿಎಓ ಅನ್ನೋ ಲೆಕ್ಕಪರಿಶೋಧನಾ ಕಚೇರಿಯ ನಿಯಮದಲ್ಲಿತ್ತು: ಟೆಂಡರಿನಲ್ಲೇ ಕಾಣೋ ದೋಷಕ್ಕೆ ಬಿಡ್ ಗಡುವಿನೊಳಗೆ, ಉಳಿದದ್ದಕ್ಕೆ ಸಾಮಾನ್ಯವಾಗಿ ವಿಷಯ ತಿಳಿದ 10 ದಿನದೊಳಗೆ. ಕೋರ್ಟು ಅದನ್ನೂ ಆಸರೆಗೆ ತಗೊಂಡಿತು. ಸೋತ ಮೇಲೆ ತಕರಾರು ಹುಡುಕೋ ಜಾಣತನಕ್ಕೆ ಬೀಗ ಬಿದ್ದಿದ್ದು ಸರಿಯೇ. ಕೂಲಿಯ ಪ್ರಶ್ನೆಗೆ ಮಾತ್ರ ಆ ತೀರ್ಪು ಕೈಯೇ ಹಾಕಲಿಲ್ಲ...