ಒಡೆದ ಕಲ್ಲು, ಗಟ್ಟಿ ಕಲ್ಲು: ಮ್ಯಾಲೆಟ್‌ನ ಅಂಕಿಗಳೂ ಮಂಡ್ಯ ಸೀಮೆಯ ತಳಬಂಡೆಯೂ

ಕಂಪನದ ಅಲೆಗಳಿಂದ ನೆಲದೊಳಗನ್ನು ಅಳೆಯುವ ವಿದ್ಯೆಯ ಚರಿತ್ರೆ ಬರೆದವರು ರಾಬರ್ಟ್ ಮ್ಯಾಲೆಟ್‌ನನ್ನು ಮೊದಲ ಪುಟದಲ್ಲಿ ಗೌರವದಿಂದ ನೆನೆದು, ಎರಡನೆಯ ಪುಟದಲ್ಲೇ ಕೈಬಿಡುತ್ತಾರೆ. ಆತ 1851ರಲ್ಲಿ ಪ್ರಕಟಿಸಿದ ವೇಗಗಳು ತೀರ ಕಡಿಮೆ ಎಂಬುದು ಅದಕ್ಕೆ ಕಾರಣ. ಐರ್ಲೆಂಡಿನ ಕಿಲೈನಿ ಕೊಲ್ಲಿಯ ಮರಳಿನಲ್ಲಿ ಸೆಕೆಂಡಿಗೆ ಸುಮಾರು 825 ಅಡಿ, ಡಾಲ್ಕಿ ದ್ವೀಪದ ಸೀಳುಬಿಟ್ಟ ಗ್ರಾನೈಟಿನಲ್ಲಿ 1,306 ಅಡಿ, ಹೆಚ್ಚು ಗಟ್ಟಿಯಾದ ಗ್ರಾನೈಟಿನಲ್ಲಿ 1,665 ಅಡಿ. ತಾಜಾ ಗ್ರಾನೈಟಿನಲ್ಲಿ ಮೊದಲು ಬರುವ ಪಿ ಅಲೆ ಸೆಕೆಂಡಿಗೆ ಐದು ಕಿಲೋಮೀಟರ್ ದಾಟುತ್ತದೆ ಎಂದು ಬಲ್ಲವರು ಇದನ್ನು ಉಪಕರಣದ ದೋಷವೆಂದು ಬರೆದು ಮುಂದೆ ಹೋಗುತ್ತಾರೆ. ಈ ಓದು ಅರೆಬರೆಯದು. ಮಂಡ್ಯ, ಮದ್ದೂರು, ಮಳವಳ್ಳಿಯ ನೆಲವನ್ನು ಅಳೆಯಲು ಹೊರಟವರಿಗೆ ಇದು ದಾರಿ ತಪ್ಪಿಸುವ ಓದೂ ಹೌದು.

ಮ್ಯಾಲೆಟ್ ಮದ್ದಿನ ಪುಡಿ ಸಿಡಿಸಿ, ದೂರದಲ್ಲಿಟ್ಟ ಪಾದರಸದ ಮೇಲಿನ ಪ್ರತಿಬಿಂಬ ಯಾವಾಗ ನಡುಗುತ್ತದೆಂದು ನೋಡುತ್ತಿದ್ದ. ಮೊದಲ ಸಣ್ಣ ಅಲೆ ಅವನ ಕಣ್ಣಿಗೆ ಬೀಳದೆ ಹೋಗಿರಬಹುದು, ಒಪ್ಪೋಣ. ಆದರೆ ಆ ದೋಷ ಎರಡೂ ಗ್ರಾನೈಟಿಗೆ ಸಮಾನ. ಅದೇ ಪಾದರಸ, ಅದೇ ಕಣ್ಣು. ಹಾಗಿದ್ದೂ ಸೀಳುಬಿಟ್ಟ ಕಲ್ಲಿಗೂ ಗಟ್ಟಿ ಕಲ್ಲಿಗೂ ನಡುವೆ ಸುಮಾರು 360 ಅಡಿಯ ಅಂತರ ಉಳಿಯಿತು. ಆ ಅಂತರವನ್ನು ಉಪಕರಣದ ಲೆಕ್ಕಕ್ಕೆ ಬರೆಯಲು ಬರುವುದಿಲ್ಲ, ಅದು ಕಲ್ಲಿನದು. ವೇಗ ಕುಗ್ಗಲು ಕಲ್ಲಿನ ಬಿರುಕುಗಳೇ ಕಾರಣವೆಂದು ಮ್ಯಾಲೆಟ್ ತಾನೇ ವಾದಿಸಿದ್ದ. ಅವನನ್ನು ತಿದ್ದಿದವರು ಈ ವಾದವನ್ನು ಪರೀಕ್ಷಿಸಲಿಲ್ಲ, ಬದಿಗಿಟ್ಟರು.

ಅವನಿಗೆ ಕಂಡದ್ದು ಹಿಂದೆ ಬರುವ ದೊಡ್ಡ ಮೇಲ್ಮೈ ಅಲೆಗಳಾಗಿದ್ದರೆ ಅಂಕಿಗಳು ಇನ್ನೊಂದು ರೀತಿಯಲ್ಲಿ ಮಾತಾಡುತ್ತವೆ. ಮೀಟರಿಗೆ ತಿರುಗಿಸಿದರೆ ಎರಡು ಗ್ರಾನೈಟುಗಳ ವೇಗ ಸುಮಾರು 398 ಮತ್ತು 507. ಬೆಂಗಳೂರಿನ 58 ಕಡೆ ಮೇಲ್ಮೈ ಅಲೆಗಳನ್ನು ಅಳೆದ ಅನ್ಬಳಗನ್ ಮತ್ತು ಸೀತಾರಾಂ 2009ರಲ್ಲಿ ಎರಡು ಗಡಿಗಳನ್ನು ಬಳಸಿದರು: ಪಿ ಅಲೆಯ ಹಿಂದೆ ಬರುವ ಎಸ್ ಅಲೆಯ ವೇಗ ಸೆಕೆಂಡಿಗೆ 330 ಮೀಟರ್ ಆಸುಪಾಸಿನಲ್ಲಿದ್ದರೆ ಶಿಥಿಲ ಶಿಲೆ, 760ರ ಆಸುಪಾಸಿನಲ್ಲಿದ್ದರೆ ಎಂಜಿನಿಯರಿಂಗ್ ಲೆಕ್ಕದ ಗಟ್ಟಿ ಶಿಲೆ. ಮೇಲ್ಮೈ ಅಲೆ ಎಸ್ ಅಲೆಗಿಂತ ತುಸು ಮಾತ್ರ ನಿಧಾನ. ಹಾಗಾಗಿ ಮ್ಯಾಲೆಟ್‌ನ ಎರಡು ಗ್ರಾನೈಟುಗಳೂ ಈ ಗಡಿಗಳ ನಡುವೆಯೇ ಬೀಳುತ್ತವೆ. ಇದರಿಂದ ಅವನ ಅಳತೆ ಪೂರ್ತಿ ಸರಿ ಎಂದು ಸಾಧಿಸಿದಂತಾಗದು. ಅದನ್ನು ಕಸವೆಂದು ಎಸೆದದ್ದು ಆತುರ ಎಂದಷ್ಟೇ ನನ್ನ ವಾದ.

ಈ ಆತುರಕ್ಕೆ ಹಿನ್ನೆಲೆಯಿದೆ. ಈ ವಿದ್ಯೆ ಬೆಳೆದದ್ದರಲ್ಲಿ ಹಿಮದ ನಾಡುಗಳ ಪಾಲು ದೊಡ್ಡದು. 1926ರ ಸುಮಾರಿಗೆ ಹಾನ್ಸ್ ಮೋಥೆಸ್ ಆಲ್ಪ್ಸಿನ ಹಿಂಟರೈಸ್‌ಫೆರ್ನರ್ ಹಿಮನದಿಯ ದಪ್ಪವನ್ನು ಕಂಪನದ ಅಲೆಗಳಿಂದಲೇ ಅಳೆದ. ಕೆನಡಾ, ಫಿನ್‌ಲೆಂಡಿನ ಬಹುಭಾಗದಲ್ಲಿ ಹಿಮ ಹಳೆಯ ಶಿಥಿಲ ಪದರವನ್ನು ಕೆರೆದೊಯ್ದು, ತಾಜಾ ಬಂಡೆಯ ಮೇಲೆ ಮಣ್ಣುಕಲ್ಲಿನ ರಾಶಿ ಸುರಿದಿದೆ. ಅಲ್ಲಿ ಮೇಲೆ ಸಡಿಲ, ಕೆಳಗೆ ಗಟ್ಟಿ, ನಡುವೆ ಒಂದು ಗೆರೆ ಎಂಬ ಚಿತ್ರ ನಡೆಯುತ್ತದೆ. ಮಂಡ್ಯ ಸೀಮೆಯ ತಳದಲ್ಲಿರುವ ನಮ್ಮ ನೈಸ್ ಶಿಲೆಗೆ ಹಿಮಯುಗದ ಆ ಹೆರೆತ ತಗಲಿಲ್ಲ. ಇಲ್ಲಿ ಮಣ್ಣು ಗರಸಾಗಿ, ಗರಸು ಕೊಳೆತ ಕಲ್ಲಾಗಿ, ಅದು ಬಿರುಕುಬಿಟ್ಟ ಬಂಡೆಯಾಗಿ ಮೆಲ್ಲಗೆ ಗಟ್ಟಿಯಾಗುತ್ತದೆ. ದಕ್ಷಿಣಕ್ಕೆ ಬಂಡೀಪುರದ ಮೂಲೆಹೊಳೆ ಜಲಾನಯನದಲ್ಲಿ ಬ್ರೌನ್ ಮತ್ತು ಸಂಗಡಿಗರು 2009ರಲ್ಲಿ ಕೊಟ್ಟ ಶಿಥಿಲ ಪದರದ ಸರಾಸರಿ ದಪ್ಪ 17 ಮೀಟರ್. ಅದರಲ್ಲಿ ಮಣ್ಣು 2 ಮೀಟರ್, ಉಳಿದ 15 ಕೊಳೆತ ಕಲ್ಲು. ಎರಡು ಪದರದ ಚಿತ್ರ ಹಿಡಿದವರು ಈ ಹದಿನೈದು ಮೀಟರನ್ನು ಯಾವ ಕಡೆಗೆ ಸೇರಿಸುತ್ತಾರೆ? (ಅದೇ ಸಂಶೋಧನಾ ವಲಯದ ‘ಮದ್ದೂರು’ ಜಲಾನಯನ ಗುಂಡ್ಲುಪೇಟೆ ಕಡೆಯದು, ಶಿಂಷಾ ದಂಡೆಯ ಮದ್ದೂರಲ್ಲ. ಹೆಸರು ನೋಡಿ ಅಂಕಿ ಎರವಲು ತರುವವರು ನಕ್ಷೆಯನ್ನೂ ನೋಡಲಿ.)

ಮಂಡ್ಯದಲ್ಲಿ ಇನ್ನೊಂದು ತೊಡಕಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಕಡೆ ಗರಸು ನೀರು ಕುಡಿದಿರುತ್ತದೆ. ನೀರು ತುಂಬಿದ ಸಡಿಲ ನೆಲದಲ್ಲಿ ಪಿ ಅಲೆಯ ವೇಗ ಸೆಕೆಂಡಿಗೆ 1,500 ಮೀಟರಿಗೆ ಜಿಗಿಯುತ್ತದೆ. ಗದ್ದೆ ಬಯಲಿನಲ್ಲಿ ಸುತ್ತಿಗೆ ಬಡಿದು ಪಿ ಅಲೆ ಓದಿದವರು ನೀರಿನ ಮಟ್ಟವನ್ನೇ ಕಲ್ಲಿನ ತಲೆಯೆಂದು ಬರೆಯುವ ಅಪಾಯ ಇಲ್ಲಿದೆ. ನೀರಿನಲ್ಲಿ ಎಸ್ ಅಲೆ ಚಲಿಸದು, ಆದ್ದರಿಂದ ಅದು ಕಲ್ಲಿನ ಗಟ್ಟಿತನವನ್ನೇ ಹೆಚ್ಚು ನಂಬಿಕೆಯಿಂದ ಹೇಳುತ್ತದೆ. ನಾಲೆ ತಲುಪದ ಮಳವಳ್ಳಿಯ ಒಣ ಭೂಮಿಯಲ್ಲಿ ಈ ಗೊಂದಲ ಬೇರೆ ಆಳಕ್ಕೆ ಇಳಿಯುತ್ತದೆ. ಒಂದೇ ಜಿಲ್ಲೆಗೆ ಒಂದೇ ಅಂಕಿ ಸಲ್ಲದು.

ಕೈಗೆಟಕುವ ಆಧಾರವೊಂದನ್ನು ಪಂಡಿತರು ಮುಟ್ಟದೆ ಬಿಟ್ಟಿದ್ದಾರೆ: ಕೊಳವೆಬಾವಿಯ ಬಿಲ್ಲು. ಕುಸಿಯುವ ಸಡಿಲ ಭಾಗ ಮುಗಿದು ಗಟ್ಟಿ ಸಿಕ್ಕುವವರೆಗೆ ಕೇಸಿಂಗ್ ಪೈಪು ಇಳಿಸಿ, ಅದಕ್ಕೆ ಅಡಿಯ ಲೆಕ್ಕದಲ್ಲಿ ಬೇರೆ ದರ ಹಾಕುತ್ತಾರೆ. ಆ ಅಡಿಗಳು ಗಟ್ಟಿ ಬಂಡೆಯ ಆಳದ ಒರಟು ದಾಖಲೆ. ಕೊರೆಯುವವರ ಅಂದಾಜು, ದರದ ಆಸೆ ಅದರಲ್ಲಿ ಬೆರೆತಿರುತ್ತವೆ ಎಂಬ ಆಕ್ಷೇಪ ಸರಿ. ಆದರೆ ಒಂದೂರಿನ ನೂರು ಬಿಲ್ಲುಗಳನ್ನು ಅಕ್ಕಪಕ್ಕ ಇಟ್ಟರೆ ಆ ಏರುಪೇರು ತಾನೇ ತೋರುತ್ತದೆ. ಗಟ್ಟಿಶಿಲೆಯ ನಾಡಿನ ಅಂತರ್ಜಲಕ್ಕಾಗಿ ಬದುಕಿಡೀ ದುಡಿದ ಬಿ.ಪಿ. ರಾಧಾಕೃಷ್ಣರ ಪರಂಪರೆಗೆ ಋಣಿಯಾದ ನಾನು, ರೈತನ ಮನೆಯ ಕಾಗದವನ್ನು ಪ್ರಯೋಗಾಲಯದ ವರದಿಗಿಂತ ಕೀಳೆಂದು ಎಣಿಸಲಾರೆ.

ಇದು ಪುಸ್ತಕದೊಳಗಿನ ಜಗಳವಷ್ಟೇ ಅಲ್ಲ. ಕೃಷ್ಣರಾಜಸಾಗರ ಅಣೆಕಟ್ಟೆಯ ಬಳಿಯ ಬೇಬಿಬೆಟ್ಟದ ಕಲ್ಲುಗಣಿ ಸ್ಫೋಟದ ವಿವಾದ ಬೆಳೆದು, ಅಣೆಕಟ್ಟೆಯ ಸುತ್ತ 20 ಕಿ.ಮೀ. ಗಣಿಗಾರಿಕೆಯನ್ನು ಹೈಕೋರ್ಟು 2024ರ ಜನವರಿಯಲ್ಲಿ ತಡೆಯಿತು. ಸ್ಫೋಟದ ಅಲೆ ಯಾವ ದಪ್ಪದ ಶಿಥಿಲ ಪದರ ಹಾದು ಬರುತ್ತದೆ ಎಂಬುದರ ಮೇಲೆ ನೆಲದ ನಡುಕ ನಿಂತಿದೆ. ಆದ್ದರಿಂದ ಈ ಸೀಮೆಯ ಯಾವ ವರದಿಯೂ ‘ತಳಬಂಡೆಯ ಆಳ ಇಷ್ಟು’ ಎಂಬ ಒಂದೇ ಸಾಲಿಗೆ ನಿಲ್ಲಬಾರದು. ಯಾವ ಅಲೆ, ಎಷ್ಟು ವೇಗಕ್ಕೆ ಕಲ್ಲೆಂದು ಕರೆದದ್ದು, ಅಳೆದ ದಿನ ನೀರು ಎಷ್ಟು ಆಳದಲ್ಲಿತ್ತು, ಒಡೆದ ಕಲ್ಲು ಎಲ್ಲಿಂದ, ಗಟ್ಟಿ ಕಲ್ಲು ಎಲ್ಲಿಂದ: ಇಷ್ಟನ್ನೂ ಬರೆಯದ ಆಳವನ್ನು ಆಧಾರವೆಂದು ಒಪ್ಪಲಾಗದು.