ಫೋರ್ಸ್‌ಕೋಲಿನ್ ಮತ್ತು ರಕ್ತನಾಳದ ಸ್ನಾಯುಕೋಶ

ಫೋರ್ಸ್‌ಕೋಲಿನ್ ಮಾಕಂದಿ ಬೇರಿನಲ್ಲಿ ದೊರೆಯುವ ಡೈಟರ್ಪೀನ್ ವರ್ಗದ ರಾಸಾಯನಿಕ. ರಕ್ತನಾಳದ ಗೋಡೆಯಲ್ಲಿರುವ ನಯಸ್ನಾಯು ಕೋಶಗಳು ಹೇಗೆ ಸಡಿಲಗೊಳ್ಳುತ್ತವೆ ಎಂಬ ಸಂಶೋಧನೆಗೆ ಭಾರತದ ಗಿಡವೊಂದು ಕೊಟ್ಟ ಅಮೂಲ್ಯ ಸಾಧನವಿದು. ಗಿಡದ ಶಾಸ್ತ್ರೀಯ ಹೆಸರು ಕೋಲಿಯಸ್ ಫೋರ್ಸ್‌ಕೋಲಿ. ತುಳಸಿಯ ಕುಟುಂಬಕ್ಕೆ ಸೇರಿದ ಇದು ದೊಡ್ಡಪತ್ರೆಯ ಹತ್ತಿರದ ಬಳಗ. ಹೆಸರು ಹೋಲುವ, ಹಳೇ ಮೈಸೂರು ಸೀಮೆಯಲ್ಲಿ ಉಪ್ಪಿನಕಾಯಿ ಹಾಕುವ ಮಾಗಳಿ ಬೇರು ಬೇರೆಯೇ ಗಿಡದ್ದು.

ಅಪಧಮನಿಯ ನಡುಪದರದಲ್ಲಿ ಹೆಚ್ಚಿನ ಪಾಲು ನಯಸ್ನಾಯುವಿನದು. ಈ ಸ್ನಾಯು ಬಿಡಿಬಿಡಿ ಕೋಶಗಳಿಂದ ಆಗಿದೆಯೆಂದು ಆಲ್ಬರ್ಟ್ ಕೋಲಿಕರ್ 1840ರ ದಶಕದ ಕೊನೆಯಲ್ಲಿ ತೋರಿಸಿದ. ನರಗಳ ಸಂಪರ್ಕ ಕಡಿದರೂ, ಒಳಗಿನ ಒತ್ತಡ ಏರಿದಾಗ ರಕ್ತನಾಳ ತಾನಾಗಿ ಬಿಗಿಯುತ್ತದೆಂದು ವಿಲಿಯಂ ಬೇಲಿಸ್ 1902ರಲ್ಲಿ ವರದಿ ಮಾಡಿದ. ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚಿದಾಗ ಮಯೋಸಿನ್ ಚುರುಕಾಗಿ ಸ್ನಾಯು ಬಿಗಿಯುತ್ತದೆ ಎಂಬುದು ಮುಂದೆ ತಿಳಿಯಿತು. ಸಡಿಲಿಕೆಯ ಕಡೆಯಿಂದ ನೋಡಿದರೆ ಅರ್ಲ್ ಸದರ್ಲೆಂಡ್ 1950ರ ದಶಕದಲ್ಲಿ ಕಂಡುಹಿಡಿದ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣು ಮುಖ್ಯ. ಅವನಿಗೆ 1971ರಲ್ಲಿ ನೊಬೆಲ್ ಬಂತು. ಅಡ್ರಿನಲಿನ್‌ನಂಥ ಹಾರ್ಮೋನು ಕೋಶದ ಹೊರಮೈಯ ಗ್ರಾಹಕಕ್ಕೆ ತಗುಲಿದಾಗ ಅಡಿನೈಲಿಲ್ ಸೈಕ್ಲೇಸ್ ಎಂಬ ಕಿಣ್ವ ಎಚ್ಚೆತ್ತು ಸೈಕ್ಲಿಕ್ ಎಎಂಪಿ ತಯಾರಿಸುತ್ತದೆ. ರಕ್ತನಾಳದ ಸ್ನಾಯುವಿನಲ್ಲಿ ಇದು ಕ್ಯಾಲ್ಸಿಯಂ ಮಟ್ಟ ತಗ್ಗಿಸಿ ಬಿಗಿತವನ್ನು ಇಳಿಸುತ್ತದೆ.

ಮುಂಬೈಯ ಹೋಕ್ಸ್ಟ್ ಸಂಶೋಧನಾ ಕೇಂದ್ರ 1970ರ ದಶಕದಲ್ಲಿ ಭಾರತದ ಔಷಧಿ ಸಸ್ಯಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿತ್ತು. ಮಾಕಂದಿ ಬೇರಿನ ಸಾರ ಪ್ರಾಣಿಗಳಲ್ಲಿ ರಕ್ತದೊತ್ತಡ ಇಳಿಸಿ, ಹೃದಯದ ಬಡಿತಕ್ಕೆ ಬಲ ಕೊಟ್ಟಿತು. ಸುಜಾತಾ ಭಟ್, ನೋಯೆಲ್ ಡಿಸೋಜಾ ಮತ್ತು ಸಂಗಡಿಗರು 1977ರಲ್ಲಿ ಆ ಸಾರದಲ್ಲಿದ್ದ ಫೋರ್ಸ್‌ಕೋಲಿನ್‌ನ ರಚನೆಯನ್ನು ಪ್ರಕಟಿಸಿದರು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರು ಅದೇ ಕಾಲದಲ್ಲಿ ಇದೇ ಗಿಡದಿಂದ 'ಕೋಲಿಯೊನಾಲ್' ಪಡೆದರು. ಎರಡೂ ಒಂದೇ ವಸ್ತುವೆಂದು 1980ರ ದಶಕದಲ್ಲಿ ಖಚಿತವಾಯಿತು.

ನಿಜವಾದ ತಿರುವು 1981ರದು. ಅಮೆರಿಕದಲ್ಲಿ ಕೆನೆತ್ ಸೀಮನ್, ವಿಲಿಯಂ ಪ್ಯಾಡ್ಜೆಟ್, ಜಾನ್ ಡೇಲಿ ಅವರು ಫೋರ್ಸ್‌ಕೋಲಿನ್‌ಗೆ ಹಾರ್ಮೋನಾಗಲಿ ಗ್ರಾಹಕವಾಗಲಿ ಬೇಕಿಲ್ಲ, ಅದು ನೇರವಾಗಿ ಅಡಿನೈಲಿಲ್ ಸೈಕ್ಲೇಸ್ ಕಿಣ್ವವನ್ನೇ ಚುರುಕುಗೊಳಿಸುತ್ತದೆ ಎಂದು ತೋರಿಸಿದರು.  ಸೈಕ್ಲಿಕ್ ಎಎಂಪಿ ಏರಿಸಿದರೆ ಸ್ನಾಯುಕೋಶ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಗ್ರಾಹಕದ ಗೋಜಿಲ್ಲದೆ ಇನ್ನಷ್ಟು ಸುಲಭವಾಗಿ ಕೇಳಬಹುದಾಯಿತು. ಒಳಪದರ ಕಳೆದುಕೊಂಡ ಅಪಧಮನಿಯ ತುಂಡನ್ನೂ ಅದು ಸಡಿಲಿಸಿತು. ಅಪಧಮನಿ ಪೆಡಸಾಗುವ ರೋಗದಲ್ಲಿ ಸ್ನಾಯುಕೋಶಗಳ ಅತಿಯಾದ ವೃದ್ಧಿಗೆ ಪಾತ್ರವಿದೆಯೆಂದು ರಸೆಲ್ ರಾಸ್ ಮತ್ತು ಜಾನ್ ಗ್ಲೋಮ್‌ಸೆಟ್ 1973ರಲ್ಲಿ ವಾದಿಸಿದ್ದರು. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳ ವೃದ್ಧಿಯನ್ನು ಫೋರ್ಸ್‌ಕೋಲಿನ್ ತಗ್ಗಿಸುವುದೂ ಕಂಡುಬಂತು. ಅದು ಕಿಣ್ವದಲ್ಲಿ ಕೂರುವ ಜಾಗ 1997ರಲ್ಲಿ ಹರಳು ರಚನೆಯ ಅಧ್ಯಯನದಿಂದ ಸ್ಪಷ್ಟವಾಯಿತು.

ರಕ್ತದೊತ್ತಡದ ಗುಳಿಗೆಯಾಗಿ ಮಾತ್ರ ಅದು ನೆಲೆಯೂರಲಿಲ್ಲ. ನೀರಿನಲ್ಲಿ ಸುಲಭವಾಗಿ ಕರಗದು. ಈ ಕಿಣ್ವ ದೇಹದ ಎಲ್ಲೆಡೆ ಇರುವುದರಿಂದ ಪರಿಣಾಮ ರಕ್ತನಾಳಕ್ಕಷ್ಟೇ ಸೀಮಿತವಾಗದು. ನೀರಿನಲ್ಲಿ ಕರಗುವ ರೂಪವಾದ ಕೋಲ್‌ಫೋರ್ಸಿನ್ ಡರೋಪೇಟ್ ಜಪಾನಿನಲ್ಲಿ ತೀವ್ರ ಹೃದಯ ವೈಫಲ್ಯಕ್ಕೆ ಚುಚ್ಚುಮದ್ದಾಗಿ ಬಳಕೆಗೆ ಬಂತು.

ಕರ್ನಾಟಕ, ತಮಿಳುನಾಡುಗಳಲ್ಲಿ ರೈತರು ಮಾಕಂದಿಯನ್ನು ಕಾಂಡದ ತುಂಡು ನೆಟ್ಟು ಬೆಳೆಯುತ್ತಾರೆ. ಐದಾರು ತಿಂಗಳಿಗೆ ಬೇರು ಕೀಳುತ್ತಾರೆ. ಒಣಬೇರಿನಲ್ಲಿ ಫೋರ್ಸ್‌ಕೋಲಿನ್ ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ. ಇಂದು ಬೇರಿನ ಸಾರಕ್ಕೆ ಮುಖ್ಯ ಬೇಡಿಕೆ ತೂಕ ಇಳಿಸುವ ಪೂರಕಗಳಿಂದ ಬರುತ್ತಿದೆ. ಬೆಂಗಳೂರಿನ ಸಾಮಿ ಲ್ಯಾಬ್ಸ್ ಅದನ್ನು 'ಫೋರ್ಸ್‌ಲೀನ್' ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಈ ಬಳಕೆಗೆ ಇರುವ ಪುರಾವೆ, ಸ್ನಾಯುಕೋಶದ ಮೇಲಿನ ಪರಿಣಾಮಕ್ಕೆ ಇರುವಷ್ಟು ಗಟ್ಟಿಯಲ್ಲ.