ಗಡಿ ದಾಟಿದ ತನಿಖಾ ಪತ್ರಿಕೋದ್ಯಮ: ವರದಿಗಾರ ಹತನಾದರೂ ವರದಿ ನಿಲ್ಲದಂತೆ

ಒಂದಕ್ಕಿಂತ ಹೆಚ್ಚು ದೇಶಗಳ ಪತ್ರಕರ್ತರು ಒಂದೇ ವಿಷಯವನ್ನು ಜೊತೆಗೂಡಿ ಶೋಧಿಸಿ, ನಿಗದಿತ ದಿನದಂದು ಎಲ್ಲೆಡೆ ಏಕಕಾಲಕ್ಕೆ ಪ್ರಕಟಿಸುವ ಪದ್ಧತಿಯನ್ನು ಗಡಿಯಾಚೆಗಿನ ಸಹಯೋಗದ ತನಿಖಾ ಪತ್ರಿಕೋದ್ಯಮ ಎನ್ನಲಾಗುತ್ತದೆ. ಈ ಪದ್ಧತಿಯೊಂದಿಗೆ ಕರ್ನಾಟಕಕ್ಕಿರುವ ನಂಟು ನೋವಿನದು. ಬೆಂಗಳೂರಿನಲ್ಲಿ ಹತ್ಯೆಯಾದ ಕನ್ನಡ ಪತ್ರಕರ್ತೆಯೊಬ್ಬರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಹಲವು ದೇಶಗಳ ನೂರಕ್ಕೂ ಹೆಚ್ಚು ಪತ್ರಕರ್ತರು ಮುಂದುವರಿಸಿದರು.

ಹಿನ್ನೆಲೆ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ 1976ರಲ್ಲಿ ವರದಿಗಾರ ಡಾನ್ ಬೋಲ್ಸ್ ಅವರನ್ನು ಕಾರಿಗೆ ಬಾಂಬ್ ಇರಿಸಿ ಕೊಲ್ಲಲಾಯಿತು. ಪರಸ್ಪರ ಪೈಪೋಟಿಯಲ್ಲಿದ್ದ ಹಲವು ಸುದ್ದಿಸಂಸ್ಥೆಗಳ 38 ಪತ್ರಕರ್ತರು ಅಲ್ಲಿಗೆ ತೆರಳಿ ಅವರ ತನಿಖೆಯನ್ನು ಮುಂದುವರಿಸಿದರು. ಒಬ್ಬ ವರದಿಗಾರನನ್ನು ಕೊಂದರೆ ಹತ್ತಾರು ಮಂದಿ ಬರುತ್ತಾರೆ ಎಂಬ ಸಂದೇಶ ಅದರಲ್ಲಿತ್ತು.

1997ರಲ್ಲಿ ತನಿಖಾ ಪತ್ರಕರ್ತರ ಅಂತರರಾಷ್ಟ್ರೀಯ ಒಕ್ಕೂಟ (ಐಸಿಐಜೆ) ಸ್ಥಾಪನೆಯಾಯಿತು. 2016ರ ಏಪ್ರಿಲ್‌ನಲ್ಲಿ ಹೊರಬಂದ 'ಪನಾಮಾ ಪೇಪರ್ಸ್' ಈ ಪದ್ಧತಿಯನ್ನು ಜಗತ್ತಿಗೆ ಪರಿಚಯಿಸಿತು. ಜರ್ಮನಿಯ ಪತ್ರಿಕೆಯೊಂದಕ್ಕೆ ದೊರೆತ ಸುಮಾರು 1.15 ಕೋಟಿ ಕಡತಗಳನ್ನು 370ಕ್ಕೂ ಹೆಚ್ಚು ಪತ್ರಕರ್ತರು ಹಂಚಿಕೊಂಡು ಪರಿಶೀಲಿಸಿದರು. ಭಾರತದಿಂದ 'ಇಂಡಿಯನ್ ಎಕ್ಸ್‌ಪ್ರೆಸ್' ಪಾಲ್ಗೊಂಡಿತ್ತು.

ಕಾರ್ಯವಿಧಾನ

ದೊರೆತ ದಾಖಲೆಗಳನ್ನು ಸುರಕ್ಷಿತ ಗಣಕ ವ್ಯವಸ್ಥೆಯಲ್ಲಿ ಇರಿಸಿ ಸಹಭಾಗಿಗಳಿಗೆ ಮಾತ್ರ ತೆರೆಯಲಾಗುತ್ತದೆ. ಆಯಾ ದೇಶದ ಹೆಸರುಗಳನ್ನು ಆಯಾ ದೇಶದವರೇ ಸ್ಥಳೀಯ ದಾಖಲೆಗಳೊಂದಿಗೆ ತಾಳೆ ನೋಡುತ್ತಾರೆ. ಆರೋಪಕ್ಕೆ ಗುರಿಯಾದವರಿಂದ ವಿವರಣೆ ಕೇಳುತ್ತಾರೆ. ನಿಗದಿತ ಗಳಿಗೆಗೆ ಮುನ್ನ ಯಾರೂ ಪ್ರಕಟಿಸುವಂತಿಲ್ಲ. ಒಂದು ದೇಶದಲ್ಲಿ ಸುದ್ದಿಯನ್ನು ಅದುಮಿದರೂ ಉಳಿದೆಡೆ ಅದು ಬೆಳಕು ಕಾಣುವುದರಿಂದ, ಬೆದರಿಕೆಯಿಂದ ವರದಿಯನ್ನು ತಡೆಯುವುದು ಕಷ್ಟವಾಗುತ್ತದೆ.

ಗೌರಿ ಲಂಕೇಶ್ ಮತ್ತು 'ಸ್ಟೋರಿ ಕಿಲ್ಲರ್ಸ್'

ವಾರಪತ್ರಿಕೆಯ ಸಂಪಾದಕಿ ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದ ಮನೆಯೆದುರು ಗುಂಡಿಟ್ಟು ಕೊಲ್ಲಲಾಯಿತು. ಅವರ ಕೊನೆಯ ಸಂಪಾದಕೀಯದ ವಿಷಯ ಸುಳ್ಳು ಸುದ್ದಿಗಳ ತಯಾರಿಕೆ. ವಿಶೇಷ ತನಿಖಾ ತಂಡವು 18 ಮಂದಿಯ ವಿರುದ್ಧ ಆರೋಪಪಟ್ಟಿ ಸಲ್ಲಿಸಿತು. 2022ರಲ್ಲಿ ಸಾಕ್ಷಿಗಳ ವಿಚಾರಣೆ ಆರಂಭವಾಯಿತು.

ಇದಾದ 41ನೇ ದಿನ, ಅಕ್ಟೋಬರ್ 16ರಂದು, ಮಾಲ್ಟಾ ದೇಶದ ಪತ್ರಕರ್ತೆ ಡ್ಯಾಫ್ನೆ ಕರುವಾನಾ ಗಲಿಜಿಯಾ ಕಾರು ಬಾಂಬಿಗೆ ಬಲಿಯಾದರು. ಹತ್ಯೆಗೀಡಾದ ಅಥವಾ ಬೆದರಿಕೆಗೊಳಗಾದ ಪತ್ರಕರ್ತರ ಕೆಲಸವನ್ನು ಮುಂದುವರಿಸಲೆಂದೇ ಅದೇ ವರ್ಷ ಪ್ಯಾರಿಸ್‌ನಲ್ಲಿ 'ಫರ್ಬಿಡನ್ ಸ್ಟೋರೀಸ್' ಸಂಸ್ಥೆ ಹುಟ್ಟಿತು. ಡ್ಯಾಫ್ನೆ ಅವರ ಶೋಧಗಳನ್ನು ಅದು 2018ರಲ್ಲಿ ಮುಂದುವರಿಸಿತು.

2023ರ ಫೆಬ್ರವರಿಯಲ್ಲಿ ಈ ಸಂಸ್ಥೆ ಪ್ರಕಟಿಸಿದ 'ಸ್ಟೋರಿ ಕಿಲ್ಲರ್ಸ್' ಸರಣಿಗೆ ಗೌರಿ ಅವರ ಕೊನೆಯ ಬರಹವೇ ಆಧಾರ. 30 ಮಾಧ್ಯಮ ಸಂಸ್ಥೆಗಳ ನೂರಕ್ಕೂ ಹೆಚ್ಚು ಪತ್ರಕರ್ತರು ಸುಳ್ಳು ಸುದ್ದಿಯ ಜಾಗತಿಕ ಮಾರುಕಟ್ಟೆಯನ್ನು ಶೋಧಿಸಿದರು. ಗಿರಾಕಿಗಳ ವೇಷದಲ್ಲಿ ತೆರಳಿದ ಮೂವರು ಪತ್ರಕರ್ತರ ಮುಂದೆ ಇಸ್ರೇಲಿನ ಗುಂಪೊಂದು, 33 ಅಧ್ಯಕ್ಷೀಯ ಮಟ್ಟದ ಚುನಾವಣೆಗಳಲ್ಲಿ ತಾನು ಕೈಯಾಡಿಸಿದ್ದಾಗಿ ಹೇಳಿಕೊಂಡಿತು. ಕನ್ನಡದ ಸಣ್ಣ ವಾರಪತ್ರಿಕೆಯೊಂದು ಎತ್ತಿದ ಪ್ರಶ್ನೆ ಖಂಡಾಂತರಗಳಲ್ಲಿ ಚರ್ಚೆಗೆ ಬಂತು.

ಪೆಗಾಸಸ್ ಪ್ರಕರಣ

ಇದೇ ಸಂಸ್ಥೆಯ ನೇತೃತ್ವದ 'ಪೆಗಾಸಸ್ ಪ್ರಾಜೆಕ್ಟ್' (2021ರ ಜುಲೈ) 17 ಮಾಧ್ಯಮ ಸಂಸ್ಥೆಗಳನ್ನು ಒಗ್ಗೂಡಿಸಿತ್ತು. ಸುಮಾರು 50,000 ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಪರಿಶೀಲಿಸಲಾಯಿತು. ಅಂದಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಹಾಗೂ ಎಚ್.ಡಿ. ಕುಮಾರಸ್ವಾಮಿ, ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳು 2019ರ ಮೈತ್ರಿ ಸರ್ಕಾರದ ಬಿಕ್ಕಟ್ಟಿನ ವೇಳೆ ಪಟ್ಟಿಗೆ ಸೇರಿದ್ದವು ಎಂದು 'ದಿ ವೈರ್' ವರದಿ ಮಾಡಿತು. ಪಟ್ಟಿಯಲ್ಲಿ ಸಂಖ್ಯೆ ಇದ್ದ ಮಾತ್ರಕ್ಕೆ ದೂರವಾಣಿಗೆ ಕನ್ನ ಬಿದ್ದಿತ್ತೆಂದು ಹೇಳಲಾಗದು ಎಂಬುದನ್ನು ವರದಿಗಳೇ ಸ್ಪಷ್ಟಪಡಿಸಿದ್ದವು. ತಂತ್ರಾಂಶ ತಯಾರಿಸಿದ ಕಂಪನಿ ಪಟ್ಟಿಯನ್ನೇ ಅಲ್ಲಗಳೆಯಿತು. ಸುಪ್ರೀಂ ಕೋರ್ಟ್ ನೇಮಿಸಿದ್ದ ಸಮಿತಿ ಪರಿಶೀಲಿಸಿದ 29 ದೂರವಾಣಿಗಳ ಪೈಕಿ ಐದರಲ್ಲಿ ಕುತಂತ್ರಾಂಶ ಪತ್ತೆಯಾಯಿತು. ಅದು ಪೆಗಾಸಸ್ ಎಂದು ಖಚಿತವಾಗಲಿಲ್ಲ.

ರಾಜ್ಯಗಳ ಗಡಿಯಲ್ಲಿ

ಸಹಯೋಗದ ಅಗತ್ಯ ದೇಶಗಳ ನಡುವೆ ಮಾತ್ರ ಇರುವುದಲ್ಲ. ಕೋಲಾರ ಜಿಲ್ಲೆ ಆಂಧ್ರಪ್ರದೇಶ ಮತ್ತು ತಮಿಳುನಾಡುಗಳಿಗೆ ಹೊಂದಿಕೊಂಡಿದೆ. ಮುಳಬಾಗಿಲು ತಾಲ್ಲೂಕಿನ ತಾಯಲೂರಿನ ಕಡೆ ತೆಲುಗು ಮನೆಮಾತಾಗಿರುವವರು ಅನೇಕರು. ಆದರೆ ಗಡಿಯಾಚೆಗಿನ ಕಡತ ಓದುವುದು ಬೇರೆಯೇ ಕೆಲಸ. ಇಲ್ಲಿ ಪಹಣಿ ಎನ್ನುವ ಜಮೀನು ದಾಖಲೆ ಅಲ್ಲಿ ಅಡಂಗಲ್. ಲಿಪಿಯೂ ಬೇರೆ, ಕಚೇರಿಯ ಕ್ರಮವೂ ಬೇರೆ.

2005ರ ಮಾಹಿತಿ ಹಕ್ಕು ಕಾಯ್ದೆಯನ್ವಯ ಭಾರತದ ಯಾವುದೇ ಪ್ರಜೆ ಯಾವುದೇ ರಾಜ್ಯದ ಕಚೇರಿಯಿಂದ ಮಾಹಿತಿ ಕೇಳಬಹುದು. ಆದರೆ ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿರಬೇಕು. ಗಡಿಯಾಚೆ ನಂಬಿಕಸ್ಥ ಸಹೋದ್ಯೋಗಿಯೊಬ್ಬರಿದ್ದರೆ ಅರ್ಜಿ, ಓದು, ಸ್ಥಳ ಪರಿಶೀಲನೆ ಮೂರೂ ಸುಲಭ.

ಮಿತಿಗಳು

ಇಂತಹ ಯೋಜನೆಗಳಿಗೆ ತಿಂಗಳುಗಟ್ಟಲೆ ಸಮಯ, ಹಣ ಮತ್ತು ಕಾನೂನು ನೆರವು ಬೇಕು. ಹೆಚ್ಚಿನ ವ್ಯವಹಾರ ಇಂಗ್ಲಿಷಿನಲ್ಲೇ ನಡೆಯುವುದರಿಂದ ಪ್ರಾದೇಶಿಕ ಭಾಷೆಗಳ ಪತ್ರಕರ್ತರಿಗೆ ಪ್ರವೇಶ ಸುಲಭವಲ್ಲ. ಕೊಲೆಗಾರರಿಗೆ ಶಿಕ್ಷೆ ವಿಧಿಸುವ ಅಧಿಕಾರವೂ ಪತ್ರಕರ್ತರಿಗಿಲ್ಲ; ಅದು ನ್ಯಾಯಾಲಯದ ಕೆಲಸ. ಕೈಗೆತ್ತಿಕೊಂಡ ವಿಷಯ ವರದಿಗಾರನೊಂದಿಗೇ ಮಣ್ಣಾಗದಂತೆ ನೋಡಿಕೊಳ್ಳುವುದಷ್ಟೇ ಈ ಪದ್ಧತಿಯಿಂದ ಸಾಧ್ಯ. ಹಂತಕರ ಲೆಕ್ಕಾಚಾರವನ್ನು ತಪ್ಪಿಸುವುದೂ ಅದೇ.